ಕೇಪಿನ ಕೋವಿಯೋ, ತೋಟೆಕೋವಿಯೋ: ತೋಟ ಕಾಯುವವರ ಆಯ್ಕೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ದೇಲಂಪಾಡಿಯ ಕಡೆ ಕಾಡುಹಂದಿಯ ಮಾತು ಎದ್ದಲ್ಲೆಲ್ಲ ಕೋವಿಯ ಮಾತೂ ಏಳುತ್ತದೆ. ಮರಗೆಣಸಿನ ಸಾಲು ಬುಡಮೇಲಾದ ಬೆಳಗ್ಗೆ, ಬಾಳೆಯ ಕಂದುಗಳು ಅಡ್ಡಬಿದ್ದ ಬೆಳಗ್ಗೆ ಯಾರಾದರೊಬ್ಬರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಬಾಯಿಯಿಂದ ಮದ್ದು ತುಂಬಿ ಹೊಡೆಯುವ, ಅಜ್ಜನ ಕಾಲದ ಕೇಪಿನ ಕೋವಿಯನ್ನೇ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದೋ, ಅದನ್ನು ಒಪ್ಪಿಸಿಬಿಟ್ಟು, ಸಿದ್ಧ ತೋಟೆ (ಕಾರ್ತೂಸು) ಹಾಕಿ ಹೊಡೆಯುವ ತೋಟೆಕೋವಿಗೆ ಅರ್ಜಿ ಹಾಕುವುದೋ? ಈಚೆಗೆ ಇದಕ್ಕೆ ಮೂರನೆಯದೊಂದು ಸೇರಿಕೊಂಡಿದೆ. ಅಮೆರಿಕದವರು ಮನೆಯ ಮೇಜಿನ ಮೇಲೆ ಯಂತ್ರವಿಟ್ಟುಕೊಂಡು ತೋಟೆ ತುಂಬುವುದನ್ನು ಮೊಬೈಲಿನಲ್ಲಿ ನೋಡಿದ ಹುಡುಗರು, ಹೊಡೆದ ತೋಟೆಯನ್ನು ನಾವೂ ಹಾಗೆಯೇ ಮತ್ತೆ ತುಂಬಿಕೊಳ್ಳಬಾರದೇಕೆ ಎಂದು ಕೇಳುತ್ತಾರೆ.

ಕೋವಿ ಹೋಲಿಸಲು ಕುಳಿತವರೆಲ್ಲ ವೇಗದಿಂದಲೇ ಶುರುಮಾಡುತ್ತಾರೆ. ಯಾವುದು ಬೇಗ ತುಂಬುತ್ತದೆ, ಎರಡನೆಯ ಈಡಿಗೆ (ಹೊಡೆತಕ್ಕೆ) ಎಷ್ಟು ಹೊತ್ತು ಬೇಕು ಎಂಬ ಲೆಕ್ಕ. ನನ್ನ ಅಳತೆ ಬೇರೆ. ತುಂಬಿದ ಈಡನ್ನು, ಅಂದರೆ ಒಳಗಿನ ಮದ್ದುಗುಂಡನ್ನು, ಹೊಡೆಯದೆ ಹೊರಗೆ ತೆಗೆಯುವುದು ಯಾವುದರಲ್ಲಿ ಸುಲಭ ಎಂದು ಮೊದಲು ಕೇಳಬೇಕು. ತೋಟ ಕಾಯಲು ಹೋದವನು ಹೆಚ್ಚಿನ ರಾತ್ರಿಗಳಲ್ಲಿ ಈಡು ಹೊಡೆಯದೆಯೇ ಮನೆಗೆ ಮರಳುತ್ತಾನೆ. ಹಂದಿ ಬರುವುದಿಲ್ಲ, ಬಂದರೂ ಕತ್ತಲೆಯಲ್ಲಿ ಹಿಂದೆ ಏನಿದೆಯೆಂದು ತಿಳಿಯುವುದಿಲ್ಲ, ಅಥವಾ ತೋಡಿನ ಆಚೆಗೆ ಯಾರದೋ ಟಾರ್ಚು ಕಾಣಿಸುತ್ತದೆ. ಆಗ ಕೈಯಲ್ಲಿ ಉಳಿಯುವುದು ತುಂಬಿದ ಕೋವಿ, ಮನೆಯಲ್ಲಿರುವುದು ಮಕ್ಕಳು.

ಮೊದಲು ಕಾನೂನು ಏನನ್ನುತ್ತದೆ

1959ರ ಆಯುಧ ಕಾಯಿದೆಯ 13ನೆಯ ಕಲಮು ಕೃಷಿಕರ ವಿಷಯವನ್ನು ಹೆಸರೆತ್ತಿಯೇ ಹೇಳಿದೆ. ನಿಜವಾದ ಬೆಳೆರಕ್ಷಣೆಗೆ ಬೇಕೆಂದರೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ. ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಗೀರುಗಳಿಲ್ಲದ ನುಣುಪು ನಳಿಗೆಯ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ಉದ್ದದ ಬೇರೆ ಕೋವಿಗೂ ಪರವಾನಗಿ ಕೊಡಬಹುದು. ಅಂದರೆ ಬೆಳೆರಕ್ಷಣೆಯ ದಾರಿಯಲ್ಲಿ ಬಂದವನಿಗೆ ಕೇಪಿನ ಕೋವಿಯೇ ಮೊದಲ ಮೆಟ್ಟಿಲು. ತೋಟೆಕೋವಿ ಬೇಕಾದವನು ಮೊದಲನೆಯದು ಏಕೆ ಸಾಲದು ಎಂಬುದನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಬೇಕು. ‘ಹಂದಿಯ ಉಪದ್ರವ ಹೆಚ್ಚಾಗಿದೆ’ ಎಂಬ ಒಂದು ಸಾಲು ಸಾಲದು. ಹಾಳಾದ ಬೆಳೆ ಯಾವುದು, ಸರ್ವೆ ನಂಬರು ಯಾವುದು, ತೋಟ ಕಾಡಿನ ಅಂಚಿಗೆ ಎಷ್ಟು ಹತ್ತಿರ, ಕೃಷಿಭವನಕ್ಕೋ ಅರಣ್ಯ ಇಲಾಖೆಗೋ ಹಿಂದೆ ಕೊಟ್ಟ ದೂರುಗಳ ನಕಲು ಎಲ್ಲಿದೆ, ಇವು ಜತೆಗಿದ್ದರೆ ಕಡತಕ್ಕೆ ತೂಕ ಬರುತ್ತದೆ.

ಪರವಾನಗಿ ಪುಸ್ತಕದಲ್ಲಿ ಕಾಣುವ ಇಂಗ್ಲಿಷ್ ಅಕ್ಷರಗಳನ್ನು ಓದಲು ಕಲಿತಿರಬೇಕು. ಎಸ್‌ಬಿಎಂಎಲ್ ಎಂದರೆ ಒಂಟಿ ನಳಿಗೆಯ ಕೇಪಿನ ಕೋವಿ, ಎಸ್‌ಬಿಬಿಎಲ್ ಎಂದರೆ ಒಂಟಿ ನಳಿಗೆಯ ತೋಟೆಕೋವಿ, ಡಿಬಿಬಿಎಲ್ ಎಂದರೆ ಜೋಡುನಳಿಗೆಯದು. ಒಂದಕ್ಕೆ ಪಡೆದ ಪರವಾನಗಿ ಇನ್ನೊಂದಕ್ಕೆ ನಡೆಯದು. ಕೇಪಿನ ಕೋವಿಯನ್ನು ಕುಲುಮೆಗೆ ಒಯ್ದು ತೋಟೆ ಹಾಕುವಂತೆ ಮಾರ್ಪಡಿಸಿಕೊಳ್ಳುವ ಕಥೆಗಳು ಹಳಬರ ಬಾಯಲ್ಲಿ ಬೇಕಾದಷ್ಟಿವೆ. ಪರವಾನಗಿಯಿಲ್ಲದ ಕಡೆ ಹಾಗೆ ಮಾರ್ಪಡಿಸುವುದು ಅಪರಾಧ. ಅಪರಾಧದ ಮಾತು ಬದಿಗಿಟ್ಟರೂ, ಅಂಥ ಕೋವಿ ಒಡೆಯುವುದು ಹೊಡೆಯುವವನ ಮುಖದ ಪಕ್ಕದಲ್ಲಿ.

2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರು ಇರಬಹುದಿತ್ತು. ಹಿರಿಯರಿಂದ ಬಂದದ್ದೂ ಈ ಲೆಕ್ಕಕ್ಕೆ ಸೇರುತ್ತದೆ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದೊಂದು ಸಮಾಧಾನ. ಹಿರಿಯರು ತೀರಿಕೊಂಡರೆ ಕೋವಿ ತಾನಾಗಿಯೇ ಮಗನದಾಗುವುದಿಲ್ಲ. ಅದನ್ನು ಠಾಣೆಯಲ್ಲೋ ಪರವಾನಗಿ ಇರುವ ಅಂಗಡಿಯಲ್ಲೋ ಇರಿಸಿ, ತನ್ನ ಹೆಸರಿಗೆ ಹೊಸ ಅರ್ಜಿ ಹಾಕಬೇಕು. ಅಟ್ಟದ ಮೇಲೆ ಸುತ್ತಿಟ್ಟು ‘ಅದು ಅಜ್ಜನದು, ಅಲ್ಲಿಯೇ ಇರಲಿ’ ಎನ್ನುವ ಮನೆಗಳಿಗೆ ಇದು ಬೇಗ ಅರ್ಥವಾದಷ್ಟು ಒಳ್ಳೆಯದು.

ಪಾಣತ್ತೂರಿನಿಂದ ಗುಡ್ಡ ಹತ್ತಿದರೆ ಕರಿಕೆ, ಅದು ಕೊಡಗು. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಿದ್ದಾರೆ. ಆ ವಿನಾಯಿತಿ ಕೆಳಗಿನವರಿಗೆ ಇಲ್ಲ. ಅಲ್ಲಿಯ ನೆಂಟರ ಮಾತು ಕೇಳಿ ಇಲ್ಲಿ ಕೋವಿ ಇಟ್ಟುಕೊಳ್ಳಲಾಗದು.

ಕೇಪಿನ ಕೋವಿ

ಇದರಲ್ಲಿ ತೋಟೆಯೆಂಬುದೇ ಇಲ್ಲ, ಪ್ರತಿ ಈಡನ್ನೂ ಕೈಯಾರೆ ಕಟ್ಟಬೇಕು. ನಳಿಗೆಯ ಬಾಯಿಯಿಂದ ಕರಿಮದ್ದು, ಅದರ ಮೇಲೆ ತೆಂಗಿನ ಕತ್ತದ ಉಂಡೆ, ಗಜದಿಂದ (ಉದ್ದನೆಯ ಸರಳಿನಿಂದ) ಗಿಡಿತ, ಮೇಲೆ ಚರೆ (ಸೀಸದ ಸಣ್ಣ ಕಾಳು) ಅಥವಾ ಗುಂಡು, ಅದು ಉರುಳಿ ಬೀಳದಂತೆ ಮತ್ತೊಂದು ಉಂಡೆ, ಮತ್ತೆ ಗಿಡಿತ. ಎಲ್ಲ ಮುಗಿದು ಕೋವಿ ಎತ್ತುವ ಹೊತ್ತಿಗೆ ಮಾತ್ರ ಕೇಪು, ಅಂದರೆ ಬಡಿದರೆ ಕಿಡಿ ಹಾರುವ ಪುಟ್ಟ ಟೋಪಿ. ಕುದುರೆ (ಕೋವಿಯ ಸುತ್ತಿಗೆ) ಬಂದು ಕೇಪಿಗೆ ಬಡಿದಾಗ ಕಿಡಿ ಸಣ್ಣ ತೂತಿನ ಮೂಲಕ ಮದ್ದಿಗೆ ಮುಟ್ಟುತ್ತದೆ. ಪಳಗಿದ ಕೈಗೂ ಒಂದು ಈಡಿಗೆ ನಿಮಿಷದ ಹತ್ತಿರ ಬೇಕು. ಕತ್ತಲೆಯಲ್ಲಿ, ಮಳೆ ಹನಿಯುವಾಗ ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಲೆಕ್ಕವೇ ಬೇಡ. ಹಾಗಾಗಿ ಈ ಕೋವಿಯವನಿಗೆ ಸಿಗುವುದು ಒಂದೇ ಈಡು. ಅದು ತಪ್ಪಿದರೆ ಆ ರಾತ್ರಿಯ ಕೆಲಸ ಮುಗಿಯಿತು.

ಒಂದೇ ಈಡು ಎಂಬುದು ದೋಷವೆಂದು ನಾನು ಒಪ್ಪುವುದಿಲ್ಲ. ಒಂದೇ ಇದ್ದವನು ಹಂದಿ ಹತ್ತಿರ ಬರುವ ತನಕ ಕಾಯುತ್ತಾನೆ. ಎರಡು ನಳಿಗೆ ಇದ್ದವನ ಬೆರಳು ಮೊದಲನೆಯದರಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ. ಆದರೆ ಬರಿ ಗಾಯಗೊಂಡು ಪೊದೆ ಹೊಕ್ಕ ಹಂದಿಯ ಎದುರು ನಿಂತವನಿಗೆ ಈ ತತ್ತ್ವ ರುಚಿಸದು. ಗಾಯಗೊಂಡ ಒಂಟಿಗ ನೇರವಾಗಿ ಮೇಲೆ ನುಗ್ಗುತ್ತದೆ, ಅದರ ಕೋರೆ ತೊಡೆಯ ಎತ್ತರಕ್ಕೆ ಬರುತ್ತದೆ.

ಈಡಿನ ಅಳತೆಯ ವಿಷಯ ಇನ್ನಷ್ಟು ಸೂಕ್ಷ್ಮ. ಗಜ ನಳಿಗೆಯ ಬಾಯಿಂದ ಎಷ್ಟು ಬೆರಳು ಹೊರಗೆ ನಿಂತಿತು ಎಂದು ನೋಡಿ ‘ಇದು ನಾಲ್ಕು ಬೆರಳಿನ ಈಡು’ ಎನ್ನುವ ಹಳಬರು ಇದ್ದಾರೆ. ಆದರೆ ಅಜ್ಜನ ಬೆರಳೂ ಮೊಮ್ಮಗನ ಬೆರಳೂ ಒಂದೇ ದಪ್ಪವಲ್ಲ. ಕತ್ತ ಬಿಗಿಯಾಗಿ ಕೂತರೆ ಒಂದು ಲೆಕ್ಕ, ಸಡಿಲವಾಗಿ ಕೂತರೆ ಇನ್ನೊಂದು. ಮದ್ದಿಗೊಂದು, ಚರೆಗೊಂದು ಅಳತೆಯ ಕೊಳವೆ ಇಟ್ಟುಕೊಂಡವನೇ ಪ್ರತಿ ಸಲವೂ ಒಂದೇ ತೆರನಾದ ಈಡು ತುಂಬುತ್ತಾನೆ. ಬೆರಳಿನ ಲೆಕ್ಕಕ್ಕೆ ಬೇರೊಂದು ಉಪಯೋಗ ಇದೆ, ಅದನ್ನು ಬಿಡಬಾರದು. ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೊಂದು ಗೀರು, ಸರಿಯಾಗಿ ತುಂಬಿದ ಮೇಲೆ ಇನ್ನೊಂದು ಗೀರು ಹಾಕಿಟ್ಟರೆ, ಕೋವಿ ತುಂಬಿದೆಯೋ ಇಲ್ಲವೋ, ಯಾರಾದರೂ ಈಡಿನ ಮೇಲೆ ಈಡು ಹಾಕಿದ್ದಾರೆಯೋ ಎಂದು ಒಂದು ಕ್ಷಣದಲ್ಲಿ ತಿಳಿಯುತ್ತದೆ. ಕೇಪಿನ ಕೋವಿಗಳು ಒಡೆಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಈ ಇಮ್ಮಡಿ ಈಡು. ಇನ್ನೊಂದು, ತೋಟೆ ಬಿಚ್ಚಿ ಸಿಕ್ಕಿದ ಹೊಗೆರಹಿತ ಮದ್ದನ್ನು ಕರಿಮದ್ದಿನ ಬದಲು ಸುರಿಯುವುದು. ಅದು ಉರಿದಾಗ ಏರುವ ಒತ್ತಡವೇ ಬೇರೆ, ಕರಿಮದ್ದಿಗೆಂದು ಮಾಡಿದ ನಳಿಗೆ ಅದನ್ನು ತಾಳುವುದಿಲ್ಲ. ಒಂದು ಚಿಟಿಕೆಯೂ ಬೇಡ.

ಹೊಡೆದ ಕೂಡಲೇ ಮತ್ತೆ ತುಂಬುವ ಅವಸರವೂ ಅಪಾಯದ್ದೇ. ಒಳಗೆ ಕತ್ತದ ಕೆಂಡ ಉಳಿದಿದ್ದರೆ ಸುರಿದ ಮದ್ದು ಅಲ್ಲಿಯೇ ಹೊತ್ತಿಕೊಳ್ಳುತ್ತದೆ; ಮದ್ದಿನ ಡಬ್ಬಿಯಿಂದ ನೇರವಾಗಿ ಸುರಿಯುತ್ತಿದ್ದರೆ ಡಬ್ಬಿಯೂ ಹೊತ್ತುತ್ತದೆ. ಕೇಪು ಸಿಡಿದು ಮದ್ದು ಹೊತ್ತದೆ ಹೋದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಒಂದೆರಡು ನಿಮಿಷ ಅಲುಗಾಡದೆ ನಿಲ್ಲಬೇಕು. ತಡವಾಗಿ ಹೊತ್ತುವುದು ಈ ಜಾತಿಯ ಕೋವಿಯ ಹಳೆಯ ಚಾಳಿ. ‘ಏನಾಯಿತು’ ಎಂದು ಬಾಯಿಯೊಳಗೆ ಇಣುಕುವುದಂತೂ ಕೂಡದು.

ಇನ್ನು ಈಡು ತೆಗೆಯುವ ಸಂಗತಿ. ಕೇಪು ಕಿತ್ತರೆ ಕೋವಿ ಸದ್ದು ಮಾಡುವ ಸಂಭವ ಕಡಿಮೆಯಾಗುತ್ತದೆ, ನಿಜ. ಆದರೆ ಮದ್ದು, ಚರೆ ಒಳಗೇ ಇರುತ್ತವೆ. ಹೊರತೆಗೆಯಲು ಗಜದ ತುದಿಗೆ ತಿರುಪು ಸಿಕ್ಕಿಸಿ, ಉಂಡೆಯನ್ನು ಚುಚ್ಚಿ ಎಳೆದು, ಚರೆ ಸುರಿದು, ಮತ್ತೆ ಒಳಗಿನ ಉಂಡೆ ಎಳೆದು, ಮದ್ದನ್ನು ಕೆಡಹಬೇಕು. ಬೇಸರದ ಕೆಲಸ, ಪೂರ್ತಿ ನಿರಪಾಯವೂ ಅಲ್ಲ. ಹೀಗಾಗಿ ಜನ ‘ನಾಳೆ ಹೇಗೂ ಬೇಕಲ್ಲ’ ಎಂದು ತುಂಬಿದ ಕೋವಿಯನ್ನೇ ಮೂಲೆಗೆ ಒರಗಿಸುತ್ತಾರೆ. ಒಂದೆರಡು ದಿನದ ತೇವಕ್ಕೆ ಈಡು ಹಸಿಯಾಗುತ್ತದೆ, ನಂತರ ಅದರ ಮೇಲೆ ಯಾರಿಗೂ ಭರವಸೆ ಇರುವುದಿಲ್ಲ. ಹಸಿಯಾಗದಿದ್ದರೆ ಇನ್ನೂ ಕೆಟ್ಟದ್ದು. ತುಂಬಿದೆಯೆಂಬುದನ್ನೇ ಮನೆಯವರು ಮರೆಯುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಕರಿಮದ್ದು ಉರಿದು ಉಳಿಯುವ ಕಿಟ್ಟ ಗಾಳಿಯ ತೇವವನ್ನು ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಹೊಡೆದ ರಾತ್ರಿಯೇ ಬಿಸಿನೀರು ಹೊಯ್ದು ತೊಳೆದು, ಬಟ್ಟೆ ಎಳೆದು ಒಣಗಿಸಿ ಎಣ್ಣೆ ಸವರದಿದ್ದರೆ ಬೆಳಗ್ಗೆಯ ಹೊತ್ತಿಗೆ ನಳಿಗೆಯೊಳಗೆ ಕೆಂಪು ಹಿಡಿಯುತ್ತದೆ. ಕೇಪು ಕೂರಿಸುವ ಮೊಳೆಯ ತೂತಿಗೆ ಸೂಜಿ ಹಾಕಿ ನೋಡುವುದನ್ನೂ ಮರೆಯಬಾರದು. ಹುಸಿಹೋಗುವ ಈಡುಗಳಲ್ಲಿ ಅನೇಕವು ಅಲ್ಲಿಯ ಕಿಟ್ಟದಿಂದಲೇ.

ಇಷ್ಟೆಲ್ಲ ಹೇಳಿದ ಮೇಲೆ ಕೇಪಿನ ಕೋವಿಯನ್ನು ಯಾರು ಇಟ್ಟುಕೊಳ್ಳಬೇಕು ಎಂದರೆ, ವರ್ಷಕ್ಕೆ ಒಂದೆರಡು ಸಲ ಸದ್ದು ಮಾಡಿ ಓಡಿಸಿದರೆ ಸಾಕು ಎನ್ನುವವರು. ಬರಿ ಮದ್ದು, ಉಂಡೆ ಹಾಕಿ ಚರೆಯಿಲ್ಲದೆ ಸದ್ದು ಹೊರಡಿಸಲು ಇದರಷ್ಟು ಅಗ್ಗದ್ದು ಬೇರೆ ಇಲ್ಲ. ದುರಸ್ತಿ ಸುಲಭ, ಒಳಗೆ ಸಿಕ್ಕಿಬೀಳುವ ಸಣ್ಣ ಭಾಗಗಳೂ ಕಡಿಮೆ. ಪರವಾನಗಿಯ ದಾರಿಯೂ ಇದಕ್ಕೇ ನೇರ.

ತೋಟೆಕೋವಿ

ನಮ್ಮಲ್ಲಿ ತೋಟೆಕೋವಿ ಎಂದರೆ ಬಹುಪಾಲು ಹನ್ನೆರಡು ಬೋರಿನದು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಉಂಡೆ ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಸುಮಾರು ಹದಿನೆಂಟೂವರೆ ಮಿಲಿಮೀಟರು. ಕೋವಿಯನ್ನು ನಳಿಗೆಯ ಬುಡದಲ್ಲಿ ಮಡಚಿ, ತೋಟೆ ಇಳಿಸಿ, ಮುಚ್ಚಿದರೆ ಮುಗಿಯಿತು. ಕೈ ಮಾಡಬೇಕಾಗಿದ್ದ ಕೆಲಸವನ್ನೆಲ್ಲ, ಅಂದರೆ ಮದ್ದಿನ ಅಳತೆ, ಅಡ್ಡಿ (ಮದ್ದು, ಚರೆಗಳ ನಡುವಿನ ಬಿಲ್ಲೆ), ಚರೆ, ಕೇಪು, ಕಾರ್ಖಾನೆ ಮೊದಲೇ ಮಾಡಿ ಕಳಿಸಿರುತ್ತದೆ. ಪುಣೆಯ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರಷ್ಟು ಹಳೆಯದು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಶಕ್ತಿಮಾನ್’ ತೋಟೆ ಅಲ್ಲಿಯದು. 2021ರ ಅಕ್ಟೋಬರಿನಲ್ಲಿ ಆಯುಧ ಕಾರ್ಖಾನೆಗಳ ಮಂಡಳಿಯನ್ನು ಏಳು ಸರಕಾರಿ ಕಂಪೆನಿಗಳಾಗಿ ಒಡೆದ ಮೇಲೆ ಖಡ್ಕಿ ಮುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು.

ಮಡಚಿದರೆ ತೋಟೆ ಹೊರಗೆ. ನನ್ನ ಅಳತೆಯಲ್ಲಿ ಇದೊಂದೇ ಗುಣ ಉಳಿದೆಲ್ಲವನ್ನೂ ಮೀರಿಸುತ್ತದೆ. ತೋಡು ದಾಟುವ ಮೊದಲು ಮಡಚಿ ತೋಟೆ ಜೇಬಿಗೆ, ಪಾಗಾರ ಹತ್ತುವ ಮೊದಲು ಮಡಚಿ ತೋಟೆ ಜೇಬಿಗೆ, ಜಗಲಿ ಹತ್ತುವ ಮೊದಲು ಮತ್ತೊಮ್ಮೆ. ಮಡಚಿದ ಕೋವಿ ಖಾಲಿಯೆಂದು ಹತ್ತು ಮಾರು ದೂರದಲ್ಲಿ ನಿಂತವನಿಗೂ ಕಾಣುತ್ತದೆ. ಕೇಪಿನ ಕೋವಿ ಖಾಲಿಯೆಂದು ತಿಳಿಯಲು ಗಜವೇ ಬೇಕು.

ಎರಡನೆಯ ಈಡಿನ ವೇಗ ಆ ಮೇಲಿನ ಮಾತು. ಜೋಡುನಳಿಗೆಯಲ್ಲಿ ಅದು ಆ ಕ್ಷಣದಲ್ಲೇ ಸಿದ್ಧ, ಒಂಟಿ ನಳಿಗೆಯಲ್ಲಿ ಮಡಚಿ ಹಾಕುವಷ್ಟು ಹೊತ್ತು. ಜೋಡುನಳಿಗೆಯ ಎರಡು ಬಾಯಿಗಳು ಸಾಮಾನ್ಯವಾಗಿ ಒಂದೇ ತೆರನಾಗಿರುವುದಿಲ್ಲ. ಒಂದು ಚರೆಯನ್ನು ಬೇಗ ಹರಡುತ್ತದೆ, ಇನ್ನೊಂದರ ತುದಿ ತುಸು ಕಿರಿದಾಗಿದ್ದು ದೂರದವರೆಗೆ ಒತ್ತಾಗಿ ಒಯ್ಯುತ್ತದೆ. ಯಾವ ಟ್ರಿಗರ್ ಯಾವ ನಳಿಗೆಗೆ ಎಂಬುದು ಕೈಗೆ ಗೊತ್ತಿರಬೇಕು. ಕಿರಿದಾದ ನಳಿಗೆಗೆ ಒಂಟಿ ಗುಂಡಿನ ತೋಟೆ ಹಾಕುವ ಮೊದಲು, ಅದು ಆ ನಳಿಗೆಗೆ ನಡೆಯುತ್ತದೆಯೇ ಎಂದು ತಿಳಿದವರನ್ನು ಕೇಳಬೇಕು.

ಹಂದಿಗೆ ಸಣ್ಣ ಚರೆ ಹಾಕುವುದು ಬರಿ ಕ್ರೌರ್ಯ. ಅದು ಸಾಯುವುದಿಲ್ಲ, ಕೊಳೆತ ಗಾಯ ಹೊತ್ತು ತಿರುಗುತ್ತದೆ. ದೊಡ್ಡ ಚರೆಯ ಎಸ್‌ಜಿ, ಎಲ್‌ಜಿ ತೋಟೆಗಳು ಇಪ್ಪತ್ತೈದು ಮೂವತ್ತು ಮೀಟರಿನೊಳಗೆ ಮಾತ್ರ ನಂಬಿಕೆಗೆ ಅರ್ಹ. ಒಂಟಿ ಗುಂಡು ಇನ್ನೂ ದೂರ ಹೋಗುತ್ತದೆ, ಅದೇ ಅದರ ದೋಷ. ನಮ್ಮ ಊರುಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ, ತೋಟಕ್ಕೊಂದರಂತೆ ಚದುರಿವೆ. ತಪ್ಪಿದ ಗುಂಡು ನೂರಾರು ಮೀಟರು ಹಾರುತ್ತದೆ. ಮುರಕಲ್ಲಿನ ಪಾರೆಗೆ ಬಡಿದರೆ ಯಾವ ಕಡೆಗೆ ಚಿಮ್ಮುತ್ತದೆಂದು ಹೇಳಲಾಗದು. ಹಿಂದೆ ಮಣ್ಣಿನ ದರೆ ಇದ್ದಲ್ಲಿ ಮಾತ್ರ ಹೊಡೆಯಬೇಕು, ಸಮತಟ್ಟಾದ ಅಡಿಕೆ ತೋಟದ ಉದ್ದಕ್ಕೆ ಎಂದೂ ಹೊಡೆಯಬಾರದು.

ತೋಟೆಕೋವಿಗೆ ತನ್ನವೇ ಆದ ಅಪಾಯಗಳೂ ಇವೆ. ಹನ್ನೆರಡು ಬೋರಿನ ಕೋವಿಗೆ ಇಪ್ಪತ್ತು ಬೋರಿನ ತೋಟೆ ಬಿದ್ದರೆ ಅದು ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಖಾಲಿ. ಮೇಲಿಂದ ಹನ್ನೆರಡರ ತೋಟೆ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ಎರಡು ಬೋರಿನ ತೋಟೆಗಳು ಒಂದೇ ಮನೆಯಲ್ಲಿ, ಒಂದೇ ಚೀಲದಲ್ಲಿ ಇರಬಾರದು. ‘ಠುಸ್’ ಎಂದು ಸಣ್ಣ ಸದ್ದು ಬಂದ ಈಡಿನ ನಂತರವೂ ಮಡಚಿ, ತೋಟೆ ತೆಗೆದು, ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ಎಂದು ನೋಡದೆ ಎರಡನೆಯದನ್ನು ಹಾಕಬಾರದು. ಅಡ್ಡಿ ಅರ್ಧದಲ್ಲೇ ನಿಂತಿರಬಹುದು.

ಕಾಗದದ ಹೊದಿಕೆಯ ಹಳೆಯ ತೋಟೆಗಳು ಮಳೆಗಾಲಕ್ಕೆ ಊದಿ ನಳಿಗೆಗೆ ಇಳಿಯುತ್ತಿರಲಿಲ್ಲ. ಪ್ಲಾಸ್ಟಿಕ್ಕಿನವಕ್ಕೆ ಆ ಕಾಟ ಇಲ್ಲ. ಆದರೆ ತಳದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದ ತೋಟೆಯನ್ನು ಒರೆಸಿ ಹಾಕುವ ಜಿಪುಣತನ ಬೇಡ. ಬಾಯಿ ಬಿಗಿಯಾದ ಡಬ್ಬಿಯಲ್ಲಿ, ಕೋವಿ ಇಟ್ಟ ಕಪಾಟಿನಿಂದ ಬೇರೆಯಾಗಿ, ಬೀಗದೊಳಗೆ ಇಡಬೇಕು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ.

ಹೊಡೆದ ತೋಟೆಯನ್ನು ಮತ್ತೆ ತುಂಬುವುದು

ಈಗ ಹುಡುಗರ ಪ್ರಶ್ನೆ. ಅಮೆರಿಕದಲ್ಲಿ ಇದೊಂದು ದೊಡ್ಡ ಹವ್ಯಾಸ, ಅಲ್ಲಿಯೂ ಇದೇ ವಾದ ನಡೆಯುತ್ತದೆ: ಕೈಯೋ, ಯಂತ್ರವೋ. ತೀರ ಸಾದಾ ಸಲಕರಣೆ ಎಂದರೆ ವಿಸ್ಕಾನ್ಸಿನ್ ರಾಜ್ಯದ ಲೀ ಕಂಪೆನಿಯ ಪುಟ್ಟ ಪೆಟ್ಟಿಗೆ; ಸುತ್ತಿಗೆಯಿಂದ ಬಡಿದು ಒಂದೊಂದೇ ತೋಟೆಯನ್ನು ಮಾಡಬೇಕು. ಅದರ ಮೇಲಿನದು ಒಂದೇ ಹಂತದ ಒತ್ತುಯಂತ್ರ. ಹಿಡಿಯನ್ನು ಎಳೆದಾಗಲೊಮ್ಮೆ ಒಂದೇ ಕೆಲಸ. ಹಳೆಯ ಕೇಪು ಹೊರಗೆ ಬರುತ್ತದೆ ಅಥವಾ ಹೊದಿಕೆ ತನ್ನ ಅಳತೆಗೆ ಮರಳುತ್ತದೆ, ಮುಂದಿನದಕ್ಕೆ ಭಾಗ ಬದಲಿಸಬೇಕು. ಗಂಟೆಗೆ ಐವತ್ತರಿಂದ ನೂರರ ಆಸುಪಾಸು. ಆರಿಜೋನಾದ ಡಿಲನ್‌ನಂಥವರ ಸರಣಿ ಯಂತ್ರದಲ್ಲಿ ತಟ್ಟೆಯೊಂದು ಸುತ್ತುತ್ತದೆ, ಪ್ರತಿ ಸ್ಥಾನದಲ್ಲೂ ಬೇರೆ ಬೇರೆ ಕೆಲಸ ಏಕಕಾಲಕ್ಕೆ ನಡೆದು, ಎಳೆತಕ್ಕೊಂದು ಪೂರ್ತಿ ತೋಟೆ ಉದುರುತ್ತದೆ. ಗಂಟೆಗೆ ನಾನೂರು ಐನೂರು ಮಾಡುವವರಿದ್ದಾರೆ. ಚರೆಯ ತೋಟೆಗಳಿಗೆ ಎಂಇಸಿ ಎಂಬ ಕಂಪೆನಿಯ ಯಂತ್ರಗಳು ಹೆಸರಾದವು, ಅವುಗಳಲ್ಲೂ ಈ ಎರಡು ಬಗೆ ಇವೆ.

ಅಲ್ಲಿಯ ಅನುಭವಿಗಳು ಹೊಸಬರಿಗೆ ನಿಧಾನದ ಯಂತ್ರವನ್ನೇ ಹೇಳುತ್ತಾರೆ, ಕಾರಣ ಸರಿಯಾಗಿದೆ. ಒಂದೊಂದೇ ಹಂತದಲ್ಲಿ ಐವತ್ತು ಹೊದಿಕೆಗಳನ್ನು ಸಾಲಾಗಿ ಮರದ ಹಲಗೆಯಲ್ಲಿ ನಿಲ್ಲಿಸಿ ಮದ್ದು ಹಾಕಿದರೆ, ಟಾರ್ಚು ಬಿಟ್ಟು ನೋಡಿದಾಗ ಯಾವುದಕ್ಕೆ ಬಿದ್ದಿಲ್ಲ, ಯಾವುದಕ್ಕೆ ಎರಡು ಸಲ ಬಿದ್ದಿದೆ ಎಂದು ಕಣ್ಣಿಗೆ ಹೊಡೆಯುತ್ತದೆ. ಸರಣಿ ಯಂತ್ರದಲ್ಲಿ ಕೇಪಿನ ಕೊಳವೆ ಬರಿದಾದದ್ದೋ ಮದ್ದು ಅಡ್ಡಲಾಗಿ ಕಟ್ಟಿಕೊಂಡದ್ದೋ ಗೊತ್ತಾಗುವ ಹೊತ್ತಿಗೆ ಹತ್ತಾರು ಕೆಟ್ಟ ತೋಟೆಗಳು ಒಳ್ಳೆಯವುಗಳ ರಾಶಿಗೆ ಸೇರಿರುತ್ತವೆ. ಅದಕ್ಕೆಂದೇ ಮದ್ದಿನ ಮಟ್ಟ ನೋಡುವ ಎಚ್ಚರಿಕೆಯ ಭಾಗವನ್ನು ಪ್ರತ್ಯೇಕವಾಗಿ ಕೂರಿಸುತ್ತಾರೆ. ಗುರಿಯಾಟದಲ್ಲಿ ಗಾಳಿಗೆ ಹಾರಿಸುವ ಮಣ್ಣಿನ ತಟ್ಟೆಗಳನ್ನು ವಾರಾಂತ್ಯಕ್ಕೆ ನೂರಾರು ಹೊಡೆಯುವವನಿಗೆ ಆ ವೇಗ ಬೇಕು, ಆಟದ ಒಂದು ಸುತ್ತಿನಲ್ಲೇ ಇಪ್ಪತ್ತೈದು ತಟ್ಟೆ. ವರ್ಷಕ್ಕೆ ಬೆರಳೆಣಿಕೆಯ ತೋಟೆ ಹೊಡೆಯುವ ಅಡಿಕೆ ಕೃಷಿಕನಿಗೆ ಅದರಿಂದ ಆಗುವ ಉಳಿತಾಯ ಏನು? ಯಂತ್ರದ ಬೆಲೆ ಹುಟ್ಟಬೇಕಾದರೆ ಊರಿನ ಹಂದಿಗಳೆಲ್ಲ ಮುಗಿದು ಘಟ್ಟದ ಮೇಲಿನವೂ ಇಳಿದು ಬರಬೇಕು.

ಲೆಕ್ಕ ಬಿಡಿ, ಕಾನೂನು ಆ ಬಾಗಿಲನ್ನೇ ಮುಚ್ಚಿದೆ. ನಮ್ಮ ಆಯುಧ ಕಾಯಿದೆ ‘ಮದ್ದುಗುಂಡು’ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದೆ. ಅಂದರೆ ಒಂದು ತೋಟೆಯನ್ನೂ ತುಂಬದೆ ಬರಿ ಯಂತ್ರ ತರಿಸಿ ಮೇಜಿನ ಮೇಲೆ ಇಟ್ಟುಕೊಂಡರೂ ತೊಂದರೆ ಶುರುವಾಗುತ್ತದೆ. ಪರವಾನಗಿಯಿಲ್ಲದೆ ತಯಾರಿಸುವುದಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದ ಸೆರೆ, ಗರಿಷ್ಠ ಜೀವಾವಧಿ. ಕೋವಿ ಇಟ್ಟುಕೊಳ್ಳುವ ಪರವಾನಗಿ ತೋಟೆ ತಯಾರಿಸುವ ಪರವಾನಗಿಯಲ್ಲ. ಗಲ್ಫಿನಿಂದಲೋ ಅಮೆರಿಕದಿಂದಲೋ ಬರುವ ನೆಂಟರಿಗೆ ‘ಒಂದು ತೆಗೆದುಕೊಂಡು ಬಾ’ ಎಂದು ಹೇಳುವವರು ಇದನ್ನು ಮನಸ್ಸಿನಲ್ಲಿಡಬೇಕು.

ಹಾಗಾದರೆ ಯಾವುದು?

ಹೊಸದಾಗಿ ಶುರುಮಾಡುವವರಿಗೆ, ಮನೆಯಲ್ಲಿ ಮಕ್ಕಳಿದ್ದವರಿಗೆ, ಹಂದಿಯನ್ನು ನಿಜವಾಗಿಯೂ ಹೊಡೆಯಬೇಕಾದವರಿಗೆ ನಾನು ಹೇಳುವುದು ಒಂಟಿ ನಳಿಗೆಯ ತೋಟೆಕೋವಿ. ಜೋಡುನಳಿಗೆ ಭಾರ, ಬೆಲೆಯೂ ಹೆಚ್ಚು, ಟ್ರಿಗರ್ ಎರಡಾದ್ದರಿಂದ ಅಭ್ಯಾಸವೂ ಹೆಚ್ಚು ಬೇಕು. ಪಂಚಾಯತಿನ ಪಟ್ಟಿಯಲ್ಲಿ ಹೆಸರಿದ್ದು, ಕರೆದಲ್ಲಿಗೆ ಹೋಗಿ ಹಂದಿ ಹೊಡೆಯುವವರಿಗೆ ಮಾತ್ರ ಜೋಡುನಳಿಗೆ ಸಾರ್ಥಕ. ಕೇಪಿನ ಕೋವಿಯನ್ನು ಹೊಸದಾಗಿ ಮಾಡಿಸಿಕೊಳ್ಳಲು ನಾನು ಹೇಳುವುದಿಲ್ಲ; ಮನೆಯಲ್ಲಿದ್ದು, ನಳಿಗೆ ಗಟ್ಟಿಯಿದ್ದು, ತುಂಬುವ ಶಿಸ್ತನ್ನು ಹಿರಿಯರ ಕೈಯಿಂದಲೇ ಕಲಿತವರು ಇಟ್ಟುಕೊಳ್ಳಲಿ.

ಯಾವುದನ್ನೇ ಇಟ್ಟುಕೊಂಡರೂ ಹಂದಿಗೆ ಹೊಡೆಯುವ ಹಕ್ಕು ಕೋವಿಯ ಜತೆಗೆ ಬರುವುದಿಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತು, ನಗರಸಭೆಗಳ ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟು, ಉಪದ್ರವ ಕೊಡುವ ಹಂದಿಗಳನ್ನು ಪರವಾನಗಿದಾರರ ಮೂಲಕ ಕೊಲ್ಲಿಸಲು ಅವಕಾಶ ಮಾಡಿತು. ವಿಷ, ಸ್ಫೋಟಕ, ವಿದ್ಯುತ್ ತಂತಿ ಕೂಡದು. ಸತ್ತ ಹಂದಿಯನ್ನು ಹೂಳಬೇಕು, ಅಡುಗೆಮನೆಗೆ ಒಯ್ಯುವಂತಿಲ್ಲ. ಆದೇಶ ಈಗಲೂ ಜಾರಿಯಲ್ಲಿದೆಯೇ ಎಂದು ಪ್ರತಿ ಸಲ ಪಂಚಾಯತಿನಲ್ಲಿ ಕೇಳಿಯೇ ಮುಂದುವರಿಯಬೇಕು. ನವಿಲು, ಮಂಗ ಈ ಆದೇಶದೊಳಗೆ ಇಲ್ಲ. ಎಳನೀರು ಕುಡಿದು ಬುರುಡೆ ಎಸೆಯುವ ಮಂಗನ ಮೇಲೆ ಸಿಟ್ಟು ಎಷ್ಟೇ ಇದ್ದರೂ ಕೋವಿ ಕೆಳಗಿರಲಿ.

ಗಡಿಯವರಿಗೆ ಇನ್ನೊಂದು ತೊಡಕು ಇದೆ. ಮನೆ ಎಣ್ಮಕಜೆಯಲ್ಲಿ, ತೋಟದ ಕೊನೆಯ ಕಟ್ಟೆ ಬಂಟ್ವಾಳ ತಾಲೂಕಿನಲ್ಲಿ ಎಂಬಂಥ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ದೇಲಂಪಾಡಿಯ ಕಡೆ ಪುತ್ತೂರು, ಸುಳ್ಯ ತಾಲೂಕುಗಳ ಜತೆಗೂ ಹೀಗೆಯೇ. ಪರವಾನಗಿ ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅದರಲ್ಲೇ ಬರೆದಿರುತ್ತದೆ. ಕೇರಳಕ್ಕಷ್ಟೇ ಎಂದಿದ್ದರೆ ಅದೇ ತೋಟದ ಆ ತುದಿಗೆ ಕೋವಿ ಹಿಡಿದು ಹೋಗುವಂತಿಲ್ಲ; ಕೇರಳದ ಹಂದಿಯ ಆದೇಶವಂತೂ ಗಡಿಯಲ್ಲೇ ನಿಲ್ಲುತ್ತದೆ. ಅರ್ಜಿ ಹಾಕುವಾಗಲೇ ಪ್ರದೇಶದ ಕಾಲಮಿನಲ್ಲಿ ಇದನ್ನು ವಿವರಿಸಿ ಕೇಳಿಕೊಳ್ಳುವುದು ಲೇಸು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಹೇಳಿಕಳುಹಿಸುವುದೂ ಉಂಟು. ಹಂದಿಗೆ ಚುನಾವಣೆ ತಿಳಿಯದು, ಅದು ಆ ವಾರವೇ ಬರುತ್ತದೆ. ರಸೀದಿ ಪಡೆದು ಜೋಪಾನವಾಗಿಟ್ಟುಕೊಳ್ಳಬೇಕು.

ಹಳೆಯ ತೋಟೆಕೋವಿ ಕೊಳ್ಳುವವರು ಬೆಲೆ ಮಾತಾಡುವ ಮೊದಲು ಮಡಚಿ, ನಳಿಗೆಯ ಹಿಂಬದಿಯಲ್ಲಿ ಕೊರೆದ ಅಂಕಿಗಳನ್ನು ಓದಬೇಕು. ಹಿಂದಿನ ಕಾಲದ ಅನೇಕ ಕೋವಿಗಳು 65 ಮಿಲಿಮೀಟರಿನ ತೋಟೆಗೆಂದು ಮಾಡಿದವು. 70 ಮಿಲಿಮೀಟರಿನ ತೋಟೆಯೂ ಅದರೊಳಗೆ ಸಲೀಸಾಗಿ ಇಳಿಯುತ್ತದೆ, ಏಕೆಂದರೆ ಪೆಟ್ಟಿಗೆಯ ಮೇಲೆ ಬರೆದ ಉದ್ದ ಹೊಡೆದು ಬಾಯಿ ಬಿಚ್ಚಿದ ಮೇಲಿನದು, ಮಡಿಕೆಯಿರುವಾಗ ತೋಟೆ ಅದಕ್ಕಿಂತ ಗಿಡ್ಡ. ಹೊಡೆದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಮಿತಿಮೀರುತ್ತದೆ. ಅಂಕಿ ಅಳಿಸಿಹೋಗಿದ್ದರೆ ಪರವಾನಗಿ ಇರುವ ಬಂದೂಕು ದುರಸ್ತಿಯವರಿಂದ ಅಳೆಸಬೇಕು. ನಳಿಗೆಯ ಮೇಲ್ಮೈಯಲ್ಲಿ ಮರದ ಗೆರೆಯಂಥ ಬಳ್ಳಿಬಳ್ಳಿ ವಿನ್ಯಾಸ ಕಂಡರೆ ಅದು ಕಬ್ಬಿಣದ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ಬಗೆ. ನೋಡಲು ಬಲು ಚಂದ, ಈಗಿನ ತೋಟೆಗೆ ಅದನ್ನು ಒಡ್ಡಬಾರದು.